ಟಾಪ್ ಕತ್ತರಿಸಿದ ಮಾರಿಸ್ ಮೈನರ್: ಬಾಗಿಲು ಕೂರುತ್ತಿಲ್ಲ, ಹಿಂಜ್ ತೊಂದರೆಯೋ ಬಾಡಿ ತೊಂದರೆಯೋ?

ಕೋಥ್ರೂಡ್ ಮೈನರ್ (ಪುಣೆ), ಮೇ 11

ಎಲ್ಲರಿಗೂ ನಮಸ್ಕಾರ. ನನ್ನದು 1960ರ ಮಾರಿಸ್ ಮೈನರ್ 1000. ಎರಡು ಬಾಗಿಲು, 948 ಸಿಸಿ ಎಂಜಿನ್. ಮಡಗಾಂವ್ ಹತ್ತಿರದ ಒಂದು ಹಳೇ ಮನೆಯ ಗಾಡಿ. ಪೋರ್ಚುಗೀಸರು ಇದ್ದಾಗ ಗೋವಾಕ್ಕೆ ಹೊರದೇಶದ ಗಾಡಿ ಸಲೀಸಾಗಿ ಬರುತ್ತಿತ್ತಲ್ಲ, ಆಗ ಬಂದದ್ದು. ಬಂದಾಗ ಟಾಪ್ ಇತ್ತು. ಆಮೇಲೆ ಯಾವ ಮಾಲೀಕರಿಗೋ ಶೋಕಿ ಹತ್ತಿ, ಅದನ್ನು ಕತ್ತರಿಸಿ ಬಟ್ಟೆಯ ಹುಡ್ ಹಾಕಿಸಿದ್ದಾರೆ. ಫೆಬ್ರವರಿಯಲ್ಲಿ ನಾಲ್ಕೂಕಾಲು ಲಕ್ಷಕ್ಕೆ ತಗೊಂಡೆ. ಕೆನೆ ಬಣ್ಣ, ಕೆಂಪು ಸೀಟು. ನೋಡಿದ ಮೇಲೆ ಹೆಚ್ಚು ಯೋಚನೆ ಮಾಡಲಿಲ್ಲ, ಅದೇ ತಪ್ಪು.

ಚೋರ್ಲಾ ಘಾಟ್ ಹತ್ತಿ, ಬೆಳಗಾವಿಯಲ್ಲಿ ಅತ್ತೆ ಮನೆಯಲ್ಲಿ ಒಂದು ರಾತ್ರಿ ಇದ್ದು, ಪುಣೆಗೆ ಓಡಿಸಿಕೊಂಡೇ ಬಂದೆ. ಎಂಜಿನ್ ಗಡಿಯಾರದ ಹಾಗೆ ನಡೆಯಿತು. ಆದರೆ ಖಂಬಾಟ್ಕಿ ಘಾಟ್ ದಾಟಿ ರಸ್ತೆ ಕೆಟ್ಟ ಕಡೆ ಮುಂದಿನ ಗಾಜಿನ ಚೌಕಟ್ಟು ಒಂದು ಕಡೆ, ಸ್ಟೀರಿಂಗ್ ಇನ್ನೊಂದು ಕಡೆ ನಡುಗುತ್ತಿದ್ದವು.

ಈಗಿನ ಸಮಸ್ಯೆ: ಸಮತಟ್ಟು ಜಾಗದಲ್ಲಿ ಎಡಬಾಗಿಲು ಚೆನ್ನಾಗಿ ಮುಚ್ಚುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ರ‍್ಯಾಂಪ್ ಮೇಲೆ ನಿಲ್ಲಿಸಿದರೆ ಎತ್ತಿ ಬಡಿಯಬೇಕು. ಎಡಗಡೆ ಗಾಜಿನ ಕಂಬದ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಇದೆ. ಬಣ್ಣ ಹಚ್ಚಿಸಿದೆ, ಮೂರು ವಾರಕ್ಕೆ ಮತ್ತೆ ಬಂತು. ಗ್ಯಾರೇಜಿನವರು ಎರಡು ಸಲ ಹಿಂಜ್‌ಗೆ ವಾಷರ್ ಹಾಕಿ ಕೊಟ್ಟರು. ಮೂರನೇ ಸಲ ಹೋಗಲು ಮನಸ್ಸಿಲ್ಲ. ಏನು ಮಾಡಲಿ?

ನಿಪ್ಪಾಣಿ ಡೀಸೆಲ್, ಮೇ 11

ಬಾಗಿಲು ಅರ್ಧ ತೆಗೆದು, ತುದಿ ಹಿಡಿದು ಮೇಲೆ ಕೆಳಗೆ ಎತ್ತಿ ನೋಡಿ. ಅಲ್ಲಾಡಿದರೆ ಹಿಂಜ್ ಪಿನ್ ಸವೆದಿದೆ. ಇನ್ನೂರು ರೂಪಾಯಿಯ ಕೆಲಸ.

ಕೋಥ್ರೂಡ್ ಮೈನರ್, ಮೇ 11

ನೋಡಿದೆ. ಒಂದು ಚೂರೂ ಅಲ್ಲಾಡುವುದಿಲ್ಲ.

ಪತ್ರಾ ಕಾಕಾ (ಪಿಂಪ್ರಿ), ಮೇ 12

ಪಿನ್ ಗಟ್ಟಿ ಇದ್ದೂ ಬಾಗಿಲು ಕೂರುವುದಿಲ್ಲ ಅಂದರೆ ಹಿಂಜ್ ಬಿಟ್ಟುಬಿಡಿ ತಮ್ಮಾ. ಬಾಗಿಲು ಇದ್ದ ಹಾಗೇ ಇದೆ. ಬಾಗಿಲಿನ ಚೌಕಟ್ಟು ಓಡಾಡುತ್ತಿದೆ.

ಮೈನರ್‌ಗೆ ಜೀಪಿನ ಹಾಗೆ ಬೇರೆ ಚಾಸಿ, ಅಂದರೆ ಬಾಡಿಯನ್ನು ಹೊರುವ ಕೆಳಗಿನ ಚೌಕಟ್ಟು, ಇಲ್ಲ. ನಮ್ಮ ಪದ್ಮಿನಿ, ಅಂಬಾಸಿಡರ್ ಇವಕ್ಕೂ ಇಲ್ಲ. ನೆಲ, ಸಿಲ್, ಕಂಬ, ಟಾಪ್ ಎಲ್ಲ ಸೇರಿ ಒಂದು ಡಬ್ಬಿ. ಬೆಂಕಿಪೊಟ್ಟಣದ ಒಳಗಿನ ಡ್ರಾಯರ್ ತೆಗೆದು ಎರಡು ತುದಿ ಹಿಡಿದು ತಿರುಚಿ ನೋಡಿ. ಹೊರಗಿನ ತೋಳಿನೊಳಗೆ ಇದ್ದಾಗ ಗಟ್ಟಿ, ಬರೀ ಡ್ರಾಯರ್ ಆದಾಗ ಮೆತ್ತಗೆ. ಟಾಪ್ ತೆಗೆದರೆ ಗಾಡಿಗೂ ಅದೇ ಗತಿ. ಟಾಪ್ ಮಾಡುತ್ತಿದ್ದ ಕೆಲಸವನ್ನೆಲ್ಲ ಬಾಗಿಲ ಕೆಳಗಿನ ಸಿಲ್ ಹೊರಬೇಕು.

ಕಂಪನಿಯವರಿಗೆ ಇದು ಗೊತ್ತಿತ್ತು. ಮೈನರ್‌ನ ಓಪನ್ ಗಾಡಿ 1948ರಿಂದ 1969ರ ತನಕ ಫ್ಯಾಕ್ಟರಿಯಲ್ಲೇ ತಯಾರಾಯಿತು. ಅದರಲ್ಲಿ ಸಿಲ್‌ಗೆ ಹೆಚ್ಚುವರಿ ಪತ್ರಾ (ತಗಡು), ಡ್ಯಾಶ್‌ಬೋರ್ಡಿನ ಎರಡು ಕೊನೆಗೆ ತ್ರಿಕೋನದ ಬಲ, ಬಾಗಿಲ ಹಿಂದಿನ ಕಂಬದ ಬುಡಕ್ಕೂ ಬಲ ಕೊಟ್ಟಿದ್ದರು. ಫೋಕ್ಸ್‌ವ್ಯಾಗನ್ ಬೀಟಲ್ ಕೂಡ ಹಾಗೇ. ಕಾರ್ಮನ್‌ನವರು 1949ರಿಂದ 1980ರವರೆಗೆ ಮಾಡಿದ ಕನ್ವರ್ಟಿಬಲ್ (ಟಾಪ್ ಮಡಚುವ) ಬೀಟಲ್, ಟಾಪ್ ಇರುವ ಬೀಟಲ್‌ಗಿಂತ ಭಾರ ಜಾಸ್ತಿ. ತಗಡಿನ ಟಾಪ್ ಹೋಗಿದೆ, ಆದರೂ ತೂಕ ಹೆಚ್ಚಿದೆ. ಆ ತೂಕವೆಲ್ಲ ಕೆಳಗೆ ಹೋಗಿ ಕೂತಿದೆ. ಯಾರಾದರೂ ಗಾಡಿ ತೋರಿಸಿ ‘ಟಾಪ್ ತೆಗೆದ ಮೇಲೆ ಹಗುರ ಆಯ್ತು ನೋಡಿ’ ಅಂದರೆ ಕೈ ಮುಗಿದು ಬಂದುಬಿಡಿ.

ಈಗ ಒಂದು ಪರೀಕ್ಷೆ ಮಾಡಿ. ಡ್ರಿಲ್ ಬಿಟ್‌ಗಳ ಸೆಟ್ ತಗೊಳ್ಳಿ, 3ರಿಂದ 10 ಮಿಲಿಮೀಟರ್. ಅದೇ ನಿಮ್ಮ ಗೇಜು. ಸಮತಟ್ಟು ನೆಲದ ಮೇಲೆ ಬಾಗಿಲು ಮುಚ್ಚಿ, ಅದರ ಹಿಂಬದಿಯ ಸಂದಿಯಲ್ಲಿ ಮೇಲೊಂದು ಕಡೆ, ಕೆಳಗೊಂದು ಕಡೆ ಯಾವ ಬಿಟ್ಟಿನ ಹಿಡಿ ಸರಿಯಾಗಿ ತೂರುತ್ತದೆ ಬರೆದುಕೊಳ್ಳಿ. ಆಮೇಲೆ ಗಾಡಿಯ ನೆಲದ ನಡುವಿನ ಕ್ರಾಸ್‌ಮೆಂಬರಿನ (ಅಡ್ಡ ತೊಲೆ) ಎಡತುದಿಗೆ ಮರದ ತುಂಡು ಕೊಟ್ಟು, ಎಡಗಡೆಯ ಎರಡೂ ಚಕ್ರದ ಭಾರ ಹೋಗುವ ತನಕ ಟ್ರಾಲಿ ಜ್ಯಾಕ್ ಎತ್ತಿ. ಮತ್ತೆ ಅಳೆಯಿರಿ. ಗೋವಾದ ಗಾಡಿ, ಆ ತುದಿ ತುಕ್ಕು ಹಿಡಿದಿರಬಹುದು. ಮೊದಲು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಜ್ಯಾಕ್ ನಂಬಿ ಗಾಡಿ ಕೆಳಗೆ ಮಾತ್ರ ಹೋಗಬೇಡಿ.

ಮೂವತ್ತೊಂದು ವರ್ಷ ಪತ್ರಾ ಬಡಿದವನ ಲೆಕ್ಕ ಇಷ್ಟು: ವ್ಯತ್ಯಾಸ ಒಂದು ಮಿಲಿಮೀಟರ್ ಆದರೆ ಕೆಲಸ ಮಾಡಿದವನಿಗೆ ಚಹಾ ಕುಡಿಸಿ. ಎರಡಾದರೆ ಓಡಿಸಬಹುದು. ಮೂರು ದಾಟಿದರೆ ಇಲ್ಲಿ ಬಂದು ಹೇಳಿ.

ಮಾತುಂಗಾ ಅಕ್ಕ (ಮುಂಬೈ), ಮೇ 12

ಕಾಕಾ ಹೇಳಿದ್ದು ಸರಿ. ನಮ್ಮ ಅಪ್ಪನ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿದ್ದರೆ ಇಷ್ಟು ಗೋಳು ಇರುತ್ತಿರಲಿಲ್ಲ. ಅದಕ್ಕೆ ಬೇರೆ ಚಾಸಿ, ಟಾಪ್ ಬೋಲ್ಟಿನ ಮೇಲೆ ನಿಂತಿರುತ್ತದೆ. ‘ಓಪನ್ ಮಾಡಿಸಿದ ಗಾಡಿ’ ಅಂತ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಇನ್ನೊಂದು. ಬಾನೆಟ್ ತೆಗೆದು ಎಂಜಿನ್ ಹಿಂದಿನ ಅಡ್ಡಗೋಡೆಯ (ಬಲ್ಕ್‌ಹೆಡ್) ಮೇಲೆ ಕಂಪನಿ ಹಾಕಿದ ನಂಬರಿನ ಪಟ್ಟಿ ನೋಡಿದಿರಾ? ನಿಮ್ಮ ಕಾಲದ ಮೈನರ್‌ನಲ್ಲಿ ಎಂ-ಎ-ಟಿ ಅಂತ ಶುರುವಾದರೆ ಫ್ಯಾಕ್ಟರಿಯ ಓಪನ್ ಗಾಡಿ. ಎಂ-ಎ-2-ಎಸ್ ಇದ್ದರೆ ಎರಡು ಬಾಗಿಲಿನ ಸಲೂನ್, ಅಂದರೆ ಟಾಪ್ ಇರುವ ಗಾಡಿ. ನಿಮಗೆ ಉತ್ತರ ಗೊತ್ತೇ ಇದೆ. ಆದರೆ ಮುಂದೆ ಕೊಳ್ಳುವವರು ಇದನ್ನು ಓದಲಿ ಅಂತ ಬರೆದೆ. ಮುಂಬೈಯಲ್ಲಿ ‘ಒರಿಜಿನಲ್ ಕನ್ವರ್ಟಿಬಲ್’ ಅಂತ ಹೇಳಿ ಮಾರುವವರಿಗೆ ಬರಗಾಲವಿಲ್ಲ.

ಕೋಥ್ರೂಡ್ ಮೈನರ್, ಮೇ 15

ಅಳೆದೆ. ಕ್ರಾಸ್‌ಮೆಂಬರ್ ಗಟ್ಟಿ ಇದೆ, ಪುಣ್ಯ.

ನೆಲದ ಮೇಲೆ ಎಡಬಾಗಿಲು: ಮೇಲೆ 5, ಕೆಳಗೆ 5. ಜ್ಯಾಕ್ ಎತ್ತಿದಾಗ: ಮೇಲೆ 9, ಕೆಳಗೆ 5. ಬಲಗಡೆ ಮೇಲೆ 5ರಿಂದ 7 ಆಯಿತು.

ಆದರೆ ಕಾಕಾ, ಒಂದು ಅರ್ಥ ಆಗಲಿಲ್ಲ. ನೆಲದ ಮೇಲೆ ಸಂದಿ ಮೇಲಿಂದ ಕೆಳಗಿನ ತನಕ ಒಂದೇ ಸಮ ಇದೆಯಲ್ಲ? ಗಾಡಿ ಬಾಗಿದ್ದರೆ ಅಲ್ಲೇ ಕಾಣಬೇಕಿತ್ತು ಅಲ್ವಾ? ಕೊಳ್ಳುವಾಗ ನಾನು ನೋಡಿ ಮೆಚ್ಚಿದ್ದೇ ಅದನ್ನು.

ಪತ್ರಾ ಕಾಕಾ, ಮೇ 15

ಅದೇ ಮೋಸ. ನಾಲ್ಕು ಮಿಲಿಮೀಟರ್ ಅಂದರೆ ಗಾಡಿಯ ನಡು ಬಿದ್ದಿದೆ. ನಡು ಕೆಳಗೆ ಜೋತಾಗ ಬಾಗಿಲ ಮುಂದಿನ ಕಂಬ, ಹಿಂದಿನ ಕಂಬ ಎರಡೂ ಮೇಲ್ಗಡೆ ಒಂದಕ್ಕೊಂದು ವಾಲುತ್ತವೆ. ಮೇಲೆ ಸಂದಿ ಸಣ್ಣದಾಗಬೇಕು. ನಿಮ್ಮದರಲ್ಲಿ ಸಮ ಇದೆ ಅಂದರೆ, ಗಾಡಿ ಬಾಗಿದ ಮೇಲೆ ಅದಕ್ಕೆ ತಕ್ಕ ಹಾಗೆ ಬಾಗಿಲನ್ನೇ ತಿದ್ದಿದ್ದಾರೆ. ಪಾದರಕ್ಷೆ ಬಿಗಿ ಆಯ್ತು ಅಂತ ಕಾಲು ಕೆತ್ತಿದ ಹಾಗೆ.

ಒಂದು ಆಯಸ್ಕಾಂತ ತಗೊಂಡು ಬಾಗಿಲ ಹಿಂದಿನ ಅಂಚಿನ ಮೇಲೆ ಕೆಳಗಿನಿಂದ ಮೇಲಕ್ಕೆ ಆಡಿಸಿ. ಕೆಳಗೆ ಹಿಡಿಯದಿದ್ದರೆ ಅಲ್ಲಿ ಪುಟ್ಟಿ ಬೆಳೆಸಿದ್ದಾರೆ. ಮೇಲ್ಗಡೆ ಅಂಚಿನ ಒಳಗೆ ಬೆರಳು ಆಡಿಸಿ. ಕಂಪನಿ ಬಾಗಿಲಿನಲ್ಲಿ ಪತ್ರಾ ಮಡಚಿ ಒತ್ತಿದ ಪಟ್ಟಿ ಸಿಗುತ್ತದೆ. ಉಜ್ಜಿದ್ದರೆ ಆ ಮಡಿಕೆ ಸವೆದು ಬ್ಲೇಡಿನ ಹಾಗೆ ಆಗಿರುತ್ತದೆ.

ಗಾಜಿನ ಕಂಬದ ಬಿರುಕು ಕೂಡ ಇದರ ಮಗನೇ. ಅದಕ್ಕೆ ಬಣ್ಣ ಹಚ್ಚಬೇಡಿ, ಗುರುತಿಗೆ ಇರಲಿ.

ಕೋಥ್ರೂಡ್ ಮೈನರ್, ಮೇ 15

ಕೆಳಗಿನ ಒಂಬತ್ತು ಇಂಚು ಆಯಸ್ಕಾಂತ ಜಾರಿ ಬಿತ್ತು. ಮೇಲೆ ಮಡಿಕೆಯೇ ಇಲ್ಲ, ಬೆರಳು ಕೊಯ್ದುಕೊಂಡೆ.

ಮಾಪುಸಾ ಮಳೆ (ಗೋವಾ), ಮೇ 16

ಸಾರ್, ಇಲ್ಲಿ ಇಂಥ ಗಾಡಿ ಬಹಳ ನೋಡಿದ್ದೇನೆ. ಕೊಳ್ಳುವವರು ಹುಡ್ ಎತ್ತಿ ಇಳಿಸಿ, ಹೊಲಿಗೆ ನೋಡಿ, ಫೋಟೋ ತೆಗೆದು ಹೋಗುತ್ತಾರೆ. ಹುಡ್ ಕೆಟ್ಟರೆ ಕುಶನ್ ಅಂಗಡಿಯಲ್ಲಿ ಒಂದು ವಾರದಲ್ಲಿ ಬದಲಾಯಿಸಬಹುದು. ನಾನು ಮೊದಲು ಗೋಣಿಚೀಲ ಹಾಸಿ ಗಾಡಿ ಕೆಳಗೆ ಮಲಗುತ್ತೇನೆ. ಸಿಲ್‌ನ ಅಡಿಯಲ್ಲಿ ನೀರು ಹೋಗುವ ತೂತು ಹುಡುಕುತ್ತೇನೆ. ತೂತು ಮುಚ್ಚಿ ಹೊಸ ಕರಿ ಕೋಟಿಂಗ್ ಬಳಿದಿದ್ದರೆ ನನಗೆ ಆ ಗಾಡಿ ಬೇಡ. ಸಮುದ್ರದ ಗಾಳಿ, ನಾಲ್ಕು ತಿಂಗಳ ಮಳೆ, ಒಳಗೆ ನಿಂತ ನೀರು. ಹೊರಗೆ ಹೊಳೆಯುತ್ತದೆ, ಒಳಗೆ ಹಪ್ಪಳ.

ನಿಪ್ಪಾಣಿ ಡೀಸೆಲ್, ಮೇ 16

ಹಿಂಜ್ ಅಂದಿದ್ದು ವಾಪಸ್ ತಗೊಂಡೆ. ಆದರೆ ಒಂದು ಪ್ರಶ್ನೆ. ಇದನ್ನು ಹಳೇ ಗಾಡಿಗಳಿಗೆ ಕೊಡುವ ವಿಂಟೇಜ್ ನಂಬರಿಗೆ ಹಾಕಬಹುದಾ? 50 ವರ್ಷ ದಾಟಿದೆಯಲ್ಲ.

ಮಾತುಂಗಾ ಅಕ್ಕ, ಮೇ 16

2021ರ ನಿಯಮದ ಪ್ರಕಾರ ವಿಎ ಸರಣಿಯ ನಂಬರ್, ಹೊಸದಕ್ಕೆ 20,000 ರೂಪಾಯಿ ಶುಲ್ಕ. ಆದರೆ 50 ವರ್ಷ ಒಂದೇ ಸಾಲದು. ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿಯಲ್ಲೋ ಬಾಡಿ ಶೆಲ್‌ನಲ್ಲೋ ದೊಡ್ಡ ಬದಲಾವಣೆ ಆಗಿರಬಾರದು. ಟಾಪ್ ಕತ್ತರಿಸುವುದಕ್ಕಿಂತ ದೊಡ್ಡ ಬದಲಾವಣೆ ಯಾವುದಿದೆ? ಮಾಮೂಲಿ ಆರ್‌ಸಿಯಲ್ಲೂ ತಕರಾರು ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಅದರ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಎರಡೂ ಹೇಳುವುದು ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸಬಾರದು ಅಂತ. ಆರ್‌ಸಿಯಲ್ಲಿ ಬಾಡಿ ಅಂತ ಏನು ಬರೆದಿದೆ ನೋಡಿಕೊಳ್ಳಿ. ಸಲೂನ್ ಅಂತ ಇದ್ದರೆ ಸಂಗಮ್ ಸೇತುವೆ ಹತ್ತಿರದ ಆರ್‌ಟಿಒಗೆ ಹೋಗಿ ನೇರವಾಗಿ ಕೇಳಿ. ಇನ್ಶೂರೆನ್ಸ್‌ನವರಿಗೂ ಮುಚ್ಚಿಡಬೇಡಿ. ಅಪಘಾತ ಆದ ದಿನ ಅವರಿಗೆ ಎಲ್ಲ ಕಾಣುತ್ತದೆ.

ಹಾಗಂತ ಹೊರಗಿನವರು ಮಾಡಿದ ಕನ್ವರ್ಟಿಬಲ್ ಎಲ್ಲ ಕೀಳು ಅಂತಲೂ ಅಲ್ಲ. ಇಂಗ್ಲೆಂಡಿನ ಕ್ರೇಫರ್ಡ್ ಮಿನಿ ಗಾಡಿಗಳ ಟಾಪ್ ತೆಗೆದು ಮಾರುತ್ತಿದ್ದ ಕಂಪನಿ. 1966ರಲ್ಲಿ ಹೈಂಜ್ ಎಂಬ ಆಹಾರ ಕಂಪನಿಯ ಸ್ಪರ್ಧೆಯ ಬಹುಮಾನಕ್ಕೆ, ಮಿನಿಯದೇ ಇನ್ನೊಂದು ರೂಪವಾದ ವುಲ್ಸ್‌ಲಿ ಹಾರ್ನೆಟ್ 57 ಮಾಡಿಕೊಟ್ಟಿತು. ಅವನ್ನು ಇವತ್ತು ಜನ ಹುಡುಕಿಕೊಂಡು ಹೋಗುತ್ತಾರೆ. ಯಾರು ಮಾಡಿದರು, ಏನೇನು ಬಲ ಕೊಟ್ಟರು ಅನ್ನುವ ಕಾಗದ ಇದ್ದರೆ ಅದಕ್ಕೂ ಬೆಲೆ.

ಕೋಥ್ರೂಡ್ ಮೈನರ್, ಜೂನ್ 2

ಕಾಕಾ ಸ್ವತಃ ಬಂದು ನೋಡಿದರು. ಗಾಡಿಯನ್ನು ಒಂದು ಸಲವೂ ಹೊಗಳಲಿಲ್ಲ, ಚಹಾ ಮಾತ್ರ ಎರಡು ಸಲ ಕುಡಿದರು. ಅವರೇ ಹೇಳಿದ ಭೋಸರಿಯ ಶೆಡ್‌ನಲ್ಲಿ ಎಡಗಡೆ ಸಿಲ್ ಕತ್ತರಿಸಿದೆವು.

ಮೊದಲು ಬಣ್ಣ, ಅದರಡಿ ಬೆರಳು ದಪ್ಪದ ಪುಟ್ಟಿ, ಅದರಡಿ ಫೈಬರ್ ಬಟ್ಟೆ. ಅದನ್ನು ಎಳೆದರೆ ಉಂಡೆ ಮಾಡಿ ತುರುಕಿದ ಮರಾಠಿ ಪೇಪರ್. ಒಂದು ತುಂಡಿನಲ್ಲಿ ವಧು ಬೇಕು ಜಾಹೀರಾತು ಇನ್ನೂ ಓದಲು ಬರುತ್ತಿತ್ತು. ಅದರ ಹಿಂದೆ ‘ಬಲ’. ಮನೆಯ ವೈರಿಂಗ್‌ಗೆ ಹಾಕುವ ಕಬ್ಬಿಣದ ಕಾಂಡ್ಯೂಟ್ ಪೈಪ್, ನಾಲ್ಕು ಕಡೆ ಚುಕ್ಕಿ ವೆಲ್ಡಿಂಗ್. ಎರಡು ಚುಕ್ಕಿ ಆಗಲೇ ಬಿಟ್ಟಿದ್ದವು. ಬಲಗಡೆಯೂ ಅದೇ ಪೈಪ್, ಆದರೆ ವೆಲ್ಡಿಂಗ್ ಬಿಟ್ಟಿರಲಿಲ್ಲ. ಅದಕ್ಕೇ ಆ ಕಡೆ ಎರಡೇ ಮಿಲಿಮೀಟರ್.

ಪತ್ರಾ ಕಾಕಾ, ಜೂನ್ 2

ಮುಂದಿನ ಕ್ರಮ ಇಲ್ಲೇ ಬರೆಯುತ್ತೇನೆ, ಬೇರೆಯವರಿಗೂ ಆಗುತ್ತದೆ. ಮೊದಲು ನಡು ಎತ್ತಿ ಚೌಕಟ್ಟನ್ನು ನೇರ ಮಾಡಬೇಕು. ಬಾಗಿಲು ನೋಡಿ ನೇರ ಮಾಡಬಾರದು, ಬಾಗಿಲು ಸುಳ್ಳು ಹೇಳುತ್ತಿದೆ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎಡ ಬಲ ಹೋಲಿಸಬೇಕು. ಆಮೇಲೆ ಬಾಗಿಲ ಜಾಗಕ್ಕೆ ಅಡ್ಡಪಟ್ಟಿ ವೆಲ್ಡ್ ಮಾಡಿ ಹಿಡಿಸಿ, ಆಮೇಲೆ ಸಿಲ್‌ಗೆ ಕೈ. ಟಾಪ್ ಕತ್ತರಿಸುವ ಮುಂಚೆಯೇ ಆ ಅಡ್ಡಪಟ್ಟಿ ಹಾಕಿ, ಸಿಲ್‌ಗೆ ಸರಿಯಾದ ಬಲ ಕೊಟ್ಟಿದ್ದರೆ ಇವತ್ತು ಈ ಖರ್ಚೇ ಇರುತ್ತಿರಲಿಲ್ಲ.

2 ಮಿಲಿಮೀಟರ್ ಪತ್ರಾದ ಪೆಟ್ಟಿಗೆ, ಮುಂದಿನ ಕಂಬದಿಂದ ಹಿಂದಿನ ಚಕ್ರದ ಕಮಾನಿನ ತನಕ. ವೆಲ್ಡಿಂಗ್ ಒಂದೇ ಗೆರೆ ಎಳೆಯಬಾರದು. ಎರಡು ಇಂಚು ಇಲ್ಲಿ, ಎರಡು ಇಂಚು ಅಲ್ಲಿ, ತಣ್ಣಗಾಗಲು ಬಿಟ್ಟು. ಬಿಸಿಗೆ ಮತ್ತೆ ಸೊಟ್ಟ ಆದರೆ ಮೊದಲಿನ ಕಥೆ. ಡ್ಯಾಶ್‌ಬೋರ್ಡ್ ಕೊನೆಗಳಿಗೆ ತ್ರಿಕೋನ ಮರೆಯಬೇಡಿ, ಗಾಜಿನ ಚೌಕಟ್ಟು ನಡುಗುವುದು ಅಲ್ಲಿಂದ. ಕೊನೆಗೆ ಒಳಗೆ ಮೇಣ ಸಿಂಪಡಿಸಿ, ನೀರಿನ ತೂತು ತೆರೆದಿಡಿ.

ಕೋಥ್ರೂಡ್ ಮೈನರ್, ಜುಲೈ 20

ಎರಡೂ ಸಿಲ್ ಆಯಿತು, ಡ್ಯಾಶ್‌ಬೋರ್ಡಿನ ತ್ರಿಕೋನ ಆಯಿತು. ಪುಟ್ಟಿ ಕೆತ್ತಿದ ಮೇಲೆ ಎಡಬಾಗಿಲು ಯಾವ ಆಕಾರದಲ್ಲೂ ಇರಲಿಲ್ಲ, ಅಂಚು ಹೊಸದಾಗಿ ಕಟ್ಟಿಸಬೇಕಾಯಿತು. ಒಟ್ಟು ಒಂದು ಲಕ್ಷದ ಹತ್ತು ಸಾವಿರ. ಮನೆಯಲ್ಲಿ ಎಂಬತ್ತು ಅಂತ ಹೇಳಿದ್ದೇನೆ.

ನಿನ್ನೆ ಮತ್ತೆ ಡ್ರಿಲ್ ಬಿಟ್ ಹಿಡಿದೆ. ನೆಲದ ಮೇಲೆ 5, ಜ್ಯಾಕ್ ಮೇಲೆ 5ರ ಬಿಟ್ ಸ್ವಲ್ಪ ಸಡಿಲ, 6ರದು ಹೋಗುವುದಿಲ್ಲ. ಹಿಂದಿನ ಸೀಟಿನಲ್ಲಿ ನಮ್ಮ ಭಾವ ಮತ್ತು ಅವರ ತಮ್ಮನನ್ನು ಕೂರಿಸಿ, ರ‍್ಯಾಂಪ್ ಮೇಲೆ ನಿಲ್ಲಿಸಿ ಬಾಗಿಲು ತಳ್ಳಿದೆ. ಟಕ್ ಅಂತ ಮುಚ್ಚಿತು. ಖಂಬಾಟ್ಕಿಗೆ ಹೋಗಿ ಬಂದೆ, ಕಂಬದ ಬುಡದಲ್ಲಿ ಬಿರುಕು ಬಂದಿಲ್ಲ.

ಬಲಗಡೆ ಕಾಲಿನ ಬಳಿ ಮಾತ್ರ ಮಳೆನೀರು ಇನ್ನೂ ತೊಟ್ಟಿಕ್ಕುತ್ತಿದೆ. ಚೌಕಟ್ಟು ನೇರ ಆದ ಮೇಲೆ ಹುಡ್ ಒಂದು ಬೆರಳು ಗಿಡ್ಡ ಆಗಿದೆ. ಕುಶನ್ ಅಂಗಡಿಯವನು ಆಗಸ್ಟ್ ಮೊದಲ ವಾರ ಬಾ ಅಂದಿದ್ದಾನೆ. ಅಲ್ಲಿಯವರೆಗೆ ತಾಡಪತ್ರಿ.