ಸಾಬೂನು, ಡಿಟರ್ಜೆಂಟ್: ರಸಾಯನಜ್ಞರಿಗೆ ಪ್ರಶ್ನೆಗಳು

ಕಾರವಾರದ ಸದಸ್ಯರು: ಬೇಸಿಗೆಯಲ್ಲಿ ನಮ್ಮ ಬಾವಿಯ ನೀರಿಗೆ ಸಾಬೂನು ನೊರೆ ಬರುವುದಿಲ್ಲ, ಏಕೆ ಸರ್?

ರಸಾಯನಜ್ಞ: ಕಡಲಂಚಿನ ಬಾವಿಗೆ ಬೇಸಿಗೆಯಲ್ಲಿ ಉಪ್ಪುನೀರು ಸೇರುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನನ್ನು ನೀರಿನಲ್ಲಿ ಕರಗದ ಗಸಿಯನ್ನಾಗಿಸುತ್ತವೆ. ಬಟ್ಟೆಗೆ ಡಿಟರ್ಜೆಂಟ್ ಬಳಸಿರಿ.

ಕುಮಟಾದ ಸದಸ್ಯೆ: ತೆಂಗಿನೆಣ್ಣೆ ಒಂದು ಕಿಲೋಗೆ 183 ಗ್ರಾಂ ಕಾಸ್ಟಿಕ್ ಸೋಡಾ ಎಂಬ ಫಾರ್ವರ್ಡ್ ಸಂದೇಶ ನೋಡಿ, ಅದೇ ಲೆಕ್ಕದಲ್ಲಿ ಒಂದು ಕಿಲೋ ಮುರುಗಲು (ಕೋಕಂ) ಬೀಜದ ತುಪ್ಪದಿಂದ ಸಾಬೂನು ಮಾಡಿದ್ದೇನೆ. ಮೇಲೆ ಬಿಳಿ ಪುಡಿ ಕೂತಿದೆ, ಮುಟ್ಟಿದರೆ ಕೈ ಉರಿಯುತ್ತದೆ. ನಿಂಬೆರಸ ಸವರಿದರೆ ಸರಿಹೋಗುತ್ತದೆಂದು ಬರೆದಿದ್ದಾರೆ. ಮಗುವಿಗೆ ಬಳಸಬಹುದೇ?

ರಸಾಯನಜ್ಞ: ಮಗುವಿಗೂ ಬೇಡ, ನಿಮಗೂ ಬೇಡ. ಮೊದಲು ಕೈಯನ್ನು ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯಿರಿ, ನಿಂಬೆರಸ ತಾಗಿಸಬೇಡಿ. ಬಿಳಿ ಪುಡಿ ನಿರಪಾಯದ ಸೋಡಾ ಬೂದಿಯೂ ಆಗಿರಬಹುದು, ಆದರೆ ಉರಿ ಹೇಳುತ್ತಿರುವುದು ಉಳಿದುಹೋದ ಕಾಸ್ಟಿಕ್ಕಿನ ಕಥೆಯನ್ನು. ತೆಂಗಿನೆಣ್ಣೆಯಲ್ಲಿ ಹನ್ನೆರಡು ಇಂಗಾಲದ ಲಾರಿಕ್ ಆಮ್ಲ ಹೆಚ್ಚು. ಮುರುಗಲು ತುಪ್ಪದಲ್ಲಿರುವುದು ಬಹುಪಾಲು ಹದಿನೆಂಟು ಇಂಗಾಲದ ಸ್ಟಿಯರಿಕ್, ಓಲಿಯಿಕ್ ಆಮ್ಲಗಳು. ಇಂಗಾಲ ಹೆಚ್ಚಿ ಅಣು ದೊಡ್ಡದಾದಷ್ಟೂ ಒಂದು ಕಿಲೋದಲ್ಲಿ ಅಣುಗಳ ಸಂಖ್ಯೆ ಕಡಿಮೆ, ಪ್ರತಿ ಕೊಬ್ಬಿನಣುವಿಗೆ ಬೇಕಾದ ಕಾಸ್ಟಿಕ್ ಮಾತ್ರ ಮೂರೇ ಅಣು; ಹೀಗಾಗಿ ಮುರುಗಲಿಗೆ ಸುಮಾರು 135 ಗ್ರಾಂ ಸಾಕಾಗುತ್ತಿತ್ತು. ನಿಂಬೆಯ ಆಮ್ಲ ಮೇಲ್ಮೈಯನ್ನಷ್ಟೇ ತಾಕಿ, ಸಾಬೂನನ್ನೇ ಒಡೆದು ಜಿಡ್ಡಾಗಿಸುತ್ತದೆ, ಒಳಗಿನ ಕ್ಷಾರ ಹಾಗೆಯೇ ಉಳಿಯುತ್ತದೆ. ಈ ಸಾಬೂನನ್ನು ಯಾರೂ ಬಳಸದಂತೆ ಮಕ್ಕಳ ಕೈಗೆಟುಕದ ಕಡೆ ಇಡಿ. ಯಾವ ಪಾತ್ರೆಯಲ್ಲಿ ಮಾಡಿದಿರಿ?

ಕುಮಟಾದ ಸದಸ್ಯೆ: ಅಲ್ಯೂಮಿನಿಯಂ. ಬುಸಬುಸನೆ ನೊರೆ ಬಂದು ಕಪ್ಪಾಯಿತು.

ರಸಾಯನಜ್ಞ: ಆ ನೊರೆ ಬೆಂಕಿ ತಾಗಿದರೆ ಹೊತ್ತಿಕೊಳ್ಳುವ ಹೈಡ್ರೋಜನ್. ಸ್ಟೀಲ್ ಪಾತ್ರೆ ಬಳಸಬೇಕು. ನೀರಿಗೆ ಕಾಸ್ಟಿಕ್ ಹಾಕಬೇಕೇ ಹೊರತು ಕಾಸ್ಟಿಕ್‌ಗೆ ನೀರು ಸುರಿಯಬಾರದು.

ಶಿರಸಿಯ ಸದಸ್ಯರು: ಅಂಟುವಾಳ ಇರುವಾಗ ಈ ರಗಳೆಯೇ ಬೇಡವಾಗಿತ್ತು.

ಅಂಕೋಲೆಯ ಸದಸ್ಯರು: ಬಂಗಡೆ ಹೆಚ್ಚಿದ ಹಲಗೆಯ ಜಿಡ್ಡನ್ನು ಅಂಟುವಾಳದಿಂದ ತೆಗೆದು ತೋರಿಸಿ, ನೋಡೋಣ. ಮೀನು ಮುಟ್ಟದವರಿಗೆ ಉಪದೇಶ ಸುಲಭ.

ಶಿರಸಿಯ ಸದಸ್ಯರು: ಉಪದೇಶವಲ್ಲ, ನಮ್ಮ ಅಜ್ಜಿ ಬಳಸುತ್ತಿದ್ದುದು.

ಹೊನ್ನಾವರದ ಸದಸ್ಯೆ: ಫ್ರಂಟ್ ಲೋಡ್ ಪುಡಿಯನ್ನು ಟಾಪ್ ಲೋಡ್ ಯಂತ್ರಕ್ಕೆ ಹಾಕಬಹುದೇ?

ಅಂಕೋಲೆಯ ಸದಸ್ಯರು: ಅಜ್ಜಿಯ ಕಾಲದಲ್ಲಿ ಬಟ್ಟೆಯೂ ಕಡಿಮೆಯಿತ್ತು.

ರಸಾಯನಜ್ಞ: ಅಂಟುವಾಳದಲ್ಲಿ ನೊರೆ ಬರಿಸುವ ಸಾಪೋನಿನ್ ಮೀನಿಗೆ ವಿಷ. ತೊಳೆದ ನೀರನ್ನು ಹೊಳೆಗೆ ಬಿಡಬೇಡಿ. ವಾದವನ್ನು ಬೇರೆಡೆ ಮುಂದುವರಿಸಿ.

ಮಾಜಾಳಿಯ ಸದಸ್ಯರು: ನಮ್ಮ ಬಾವಿಯಲ್ಲೂ ನೊರೆ ಬರುವುದಿಲ್ಲ. ಕುದಿಸಿದರೆ?

ರಸಾಯನಜ್ಞ: ಮೇಲೆ ಓದಿ. ಕುದಿಸಿದರೆ ನೊರೆ ತಡೆಯುವ ಗಡಸುತನದಲ್ಲಿ ಬೈಕಾರ್ಬೊನೇಟಿನದು ಹೋಗುತ್ತದೆ, ಕಡಲುಪ್ಪಿನದು ಹೋಗದು.

ಭಟ್ಕಳದ ಸದಸ್ಯರು: ಶೌಚಾಲಯಕ್ಕೆ ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿ ಬೆರೆಸಿದರೆ ದುಪ್ಪಟ್ಟು ಸ್ವಚ್ಛವೆಂದು ಬಂದಿದೆ, ಎಲ್ಲರಿಗೂ ಹಂಚುತ್ತಿದ್ದೇನೆ.

ರಸಾಯನಜ್ಞ: ಬೆರೆಸಿದರೆ ಕ್ಲೋರಿನ್ ಅನಿಲ ಬರುತ್ತದೆ. ಬಾಗಿಲು ಮುಚ್ಚಿದ ಶೌಚಾಲಯದಲ್ಲಿ ಅದು ಶ್ವಾಸಕೋಶವನ್ನು ಸುಡುತ್ತದೆ. ಓದದೆ ಹಂಚುವ ಚಟವನ್ನು ಬಿಡಿ.

ಭಟ್ಕಳದ ಸದಸ್ಯರು: ಭಾವ ಕಳುಹಿಸಿದ್ದು, ನಾನು ಬರೆದದ್ದಲ್ಲ. ಇಷ್ಟು ಸಿಟ್ಟೇಕೆ?

ರಸಾಯನಜ್ಞ: ಸಂದೇಶವನ್ನು ಈಗಲೇ ಅಳಿಸಿ, ಭಾವನಿಗೂ ಹೇಳಿ.