ಸಹಾಯ ಬೇಕು: ಸವಕಲು ಮಾತಿಗೆ ಯಾವ ಇಂಗ್ಲಿಷ್ ಪದ?

ನಮಸ್ಕಾರ್ರಿ. ಕಲಬುರಗಿಯ ಪಿಯು ಮಕ್ಕಳಿಗೆ ಇಂಗ್ಲಿಷ್ ಪದಪಟ್ಟಿ ಮಾಡ್ಲಿಕತ್ತೀನಿ. ‘ವೋರ್ನ್ ಔಟ್’ ಬೂಟಿಗೂ ನಡೆಯುತ್ತದೆ, ದಣಿದ ಮನುಷ್ಯನಿಗೂ ನಡೆಯುತ್ತದೆ. ಅದಕ್ಕೇ ಮಕ್ಕಳು ಎಲ್ಲೆಡೆ ಅದೊಂದನ್ನೇ ಬರೆದುಬಿಡುತ್ತಾರೆ.

ವಸ್ತುಗಳ ಮಟ್ಟಿಗೆ ತೊಂದರೆಯಿಲ್ಲ. ಕಾಲರಿನ ಅಂಚಿನಲ್ಲಿ ಎಳೆ ಬಿಚ್ಚಿಕೊಂಡರೆ ‘ಫ್ರೇಡ್’, ಜಮಖಾನದ ಮೇಲ್ಮೈ ಸವೆದು ಒಳನೂಲು ಕಂಡರೆ ‘ಥ್ರೆಡ್‌ಬೇರ್’, ಹರಿದು ಚಿಂದಿಯಾದರೆ ‘ಟ್ಯಾಟರ್ಡ್’. ಟೈರು ಸವೆದು ನುಣುಪಾದರೆ ‘ಬಾಲ್ಡ್’.

ತೊಡಕಿರುವುದು ಮಾತಿನಲ್ಲಿ. ‘ಕ್ಲೀಶೇ’ (ಸವಕಲು ಮಾತು) ನಾಮಪದ, ಅದನ್ನು ವಿಶೇಷಣದ ಜಾಗದಲ್ಲಿ ಕೂರಿಸುವುದೇ ಮಕ್ಕಳ ಸಾಮಾನ್ಯ ತಪ್ಪು. ‘ಹ್ಯಾಕ್ನಿಡ್’ ಎಂದರೆ ಅತಿಬಳಕೆಯಿಂದ ಕಸುವು ಕಳೆದುಕೊಂಡದ್ದು. ‘ಟ್ರೈಟ್’ ಅನ್ನುವಾಗ ಹುರುಳೂ ಇಲ್ಲವೆಂಬ ತೀರ್ಪು ಸೇರಿರುತ್ತದೆ. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ‘ಉಜ್ಜಿ ಸವೆದದ್ದು’. ‘ಸ್ಟೇಲ್’ ತಂಗಳು ಬ್ರೆಡ್ಡಿಗೂ ಸೈ, ಹಳೇ ಹಾಸ್ಯಕ್ಕೂ ಸೈ.

ಈಗ ಪ್ರಶ್ನೆ: ಪ್ರತಿ ಶಾಲಾ ಭಾಷಣದಲ್ಲೂ ಬರುವ ‘ಇಂದಿನ ಮಕ್ಕಳೇ ನಾಳಿನ ಪ್ರಜೆಗಳು’ ಎಂಬುದಕ್ಕೆ ಯಾವುದು ಸರಿ? ಅರ್ಥ ಗಟ್ಟಿಯಿದೆ, ಸವೆದದ್ದು ಬಳಕೆಯಿಂದ. ಹಾಗಾಗಿ ನನ್ನ ಒಲವು ‘ಹ್ಯಾಕ್ನಿಡ್’ ಕಡೆಗೆ. ಒಪ್ಪದಿದ್ದರೆ ಕಾರಣ ಹೇಳ್ರಿ. ‘ಟ್ರೈಟ್’ ಮಾತ್ರ ಹೊಂದುವ, ‘ಹ್ಯಾಕ್ನಿಡ್’ ಹಾಕಿದರೆ ಕೆಡುವಂಥ ಒಂದೆರಡು ವಾಕ್ಯಗಳೂ ಬೇಕಾಗಿವೆ.