‘ಕೆಲಸ ಹೋಗುತ್ತದೆ’ ಎನ್ನುವಾಗ ಹೋಗುವುದು ಯಾವುದು?

ಎಲ್ಲರಿಗೂ ನಮಸ್ಕಾರ.

ಕೃತಕ ಬುದ್ಧಿಮತ್ತೆ ಬಂದಮೇಲೆ ಸಂಸ್ಥೆಗಳ ಒಳಗಿನ ದುಡಿಮೆ ಹೇಗೆ ಬದಲಾಗುತ್ತಿದೆ ಎಂಬ ಬಗ್ಗೆ ಒಂದು ಬರಹ ಸಿದ್ಧಪಡಿಸುತ್ತಿದ್ದೇನೆ. ‘ಟಾಸ್ಕ್’, ‘ಜಾಬ್’, ‘ಆಕ್ಯುಪೇಶನ್’ ಈ ಮೂರನ್ನೂ ಕನ್ನಡದಲ್ಲಿ ಬೇರೆ ಬೇರೆಯಾಗಿ ಹೇಳುವುದು ಹೇಗೆ ಎಂಬುದು ನನ್ನ ಪ್ರಶ್ನೆ. ನಾವು ಮೂರಕ್ಕೂ ‘ಕೆಲಸ’ ಎಂದೇ ಬರೆದುಬಿಡುತ್ತೇವೆ. ಮಾತಿನಲ್ಲಿ ಇದರಿಂದ ತೊಡಕಿಲ್ಲ. ‘ಅವಳಿಗೆ ಕೆಲಸ ಸಿಕ್ಕಿತು’, ‘ಒಂದು ಕೆಲಸ ಮಾಡು’, ‘ಬಡಗಿ ಕೆಲಸ ಕಲಿತ’ ಎಂದರೆ ಯಾರಿಗೂ ಗೊಂದಲವಾಗದು. ಈ ವಿಷಯದಲ್ಲಿ ಮಾತ್ರ ಆ ಮೂರರ ನಡುವಿನ ಅಂತರವೇ ಚರ್ಚೆಯ ತಿರುಳು.

2013ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರಾದ ಫ್ರೇ ಮತ್ತು ಆಸ್ಬೋರ್ನ್ 702 ವೃತ್ತಿಗಳನ್ನು ಪರಿಶೀಲಿಸಿ, ಅಮೆರಿಕದ ಉದ್ಯೋಗಗಳಲ್ಲಿ ಶೇ 47ರಷ್ಟು ಯಂತ್ರಗಳ ಪಾಲಾಗುವ ಹೆಚ್ಚಿನ ಅಪಾಯದಲ್ಲಿವೆ ಎಂದು ಅಂದಾಜಿಸಿದರು. 2016ರಲ್ಲಿ ಆರ್ನ್ಟ್ಸ್, ಗ್ರೆಗರಿ ಮತ್ತು ಜೀರಾನ್ ಎಂಬ ಸಂಶೋಧಕರು, ಬಹುಪಾಲು ಸಿರಿವಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಓಇಸಿಡಿಗಾಗಿ 21 ದೇಶಗಳ ಲೆಕ್ಕ ಹಾಕಿದಾಗ ಸಿಕ್ಕ ಸರಾಸರಿ ಶೇ 9. ಇಷ್ಟು ದೊಡ್ಡ ಅಂತರಕ್ಕೆ ಮುಖ್ಯ ಕಾರಣ ಅಳತೆಗೆ ಹಿಡಿದ ಘಟಕ. ಮೊದಲಿನವರು ಒಂದೊಂದು ವೃತ್ತಿಯನ್ನು ಇಡಿಯಾಗಿ ತೂಗಿದರು. ಎರಡನೆಯವರು ಒಬ್ಬೊಬ್ಬ ದುಡಿಮೆಗಾರ ನಿಜಕ್ಕೂ ಏನೇನು ಮಾಡುತ್ತಾನೆ ಎಂದು ಬಿಡಿಸಿ ನೋಡಿದರು. ಎರಡೂ ಅಂಕಿಗಳನ್ನು ‘ಇಷ್ಟು ಕೆಲಸಗಳು ಹೋಗುತ್ತವೆ’ ಎಂದು ಕನ್ನಡಕ್ಕೆ ತಂದರೆ, ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳಿದಂತೆ ಕಾಣುತ್ತದೆ. ಓದುಗರಿಗೆ ಅದು ಅನ್ಯಾಯ. ತಮ್ಮ ಅನ್ನದ ದಾರಿಯ ಬಗ್ಗೆ ದಿಗಿಲಿನಿಂದ ಓದುತ್ತಿರುವವರಿಗೆ ಇನ್ನೂ ದೊಡ್ಡ ಅನ್ಯಾಯ.

ಎಟಿಎಂ ಉದಾಹರಣೆ ನೋಡಿ. ಹಣ ಎಣಿಸಿ ಕೊಡುವ ಭಾಗವನ್ನು ಯಂತ್ರ ವಹಿಸಿಕೊಂಡಿತು. ಅಮೆರಿಕದಲ್ಲಿ ಒಂದೊಂದು ಬ್ಯಾಂಕ್ ಶಾಖೆಗೆ ಬೇಕಾದ ನಗದು ಗುಮಾಸ್ತರ ಸಂಖ್ಯೆ ಇಳಿಯಿತು. ಶಾಖೆ ನಡೆಸುವ ಖರ್ಚು ತಗ್ಗಿದ್ದರಿಂದ ಬ್ಯಾಂಕುಗಳು ಹೆಚ್ಚು ಶಾಖೆ ತೆರೆದವು, ಹೀಗಾಗಿ ಆ ಗುಮಾಸ್ತರ ಒಟ್ಟು ಸಂಖ್ಯೆ ಬಹುಕಾಲ ಕುಸಿಯಲಿಲ್ಲ. ಅವರ ದಿನದ ಹೊತ್ತು ಮಾತ್ರ ಎಣಿಕೆಯಿಂದ ಗ್ರಾಹಕರ ಜೊತೆಗಿನ ಮಾತುಕತೆಯತ್ತ, ಸಾಲ ಮತ್ತು ಠೇವಣಿಗಳನ್ನು ವಿವರಿಸುವತ್ತ ಸರಿಯಿತು. ಇಲ್ಲಿ ‘ಕೆಲಸ ಹೋಯಿತೇ?’ ಎಂದು ಕೇಳಿದರೆ ಹೌದು ಎನ್ನಬೇಕೋ ಇಲ್ಲ ಎನ್ನಬೇಕೋ ತಿಳಿಯದು. ಬೇರೆ ಬೇರೆ ಪದಗಳಿದ್ದರೆ ಉತ್ತರ ಸಲೀಸು: ಹುದ್ದೆ ಉಳಿಯಿತು, ಅದರೊಳಗಿನ ಒಂದು ತುಂಡು ಹೋಯಿತು.

ಆ ತುಂಡಿಗೇ ನನಗೆ ಹೆಸರು ಬೇಕಾಗಿರುವುದು. ಆಕ್ಯುಪೇಶನ್‌ಗೆ ‘ವೃತ್ತಿ’ ಅಥವಾ ‘ಕಸುಬು’ ಸಾಕು. ಜಾಬ್‌ಗೆ ‘ಹುದ್ದೆ’ ಹೊಂದುತ್ತದೆ. ಸಂಬಳ, ಸ್ಥಾನ, ಹೊಣೆ ಮೂರೂ ಅದರಲ್ಲಿ ಅಡಕವಾಗಿವೆ. ‘ಉದ್ಯೋಗ’ವನ್ನು ಎಂಪ್ಲಾಯ್‌ಮೆಂಟ್‌ಗೆ ಮೀಸಲಿಡುವುದು ಒಳ್ಳೆಯದೆಂದು ನನ್ನ ಅನಿಸಿಕೆ. ಟಾಸ್ಕ್‌ಗೆ ಸರ್ಕಾರಿ ಭಾಷೆ ‘ಕಾರ್ಯ’ ಎನ್ನುತ್ತದೆ, ಆದರೆ ಆ ಪದ ಕಾರ್ಯಕ್ರಮ, ಕಾರ್ಯಾಲಯ, ಕಾರ್ಯದರ್ಶಿ ಎಲ್ಲದರಲ್ಲೂ ದುಡಿದು ಸವೆದಿದೆ. ಮನೆಯಲ್ಲಿ ನಡೆಯುವ ಸಮಾರಂಭವೂ ಕಾರ್ಯವೇ. ‘ಕಾರ್ಯಭಾಗ’ ಎಂದರೆ ಅರ್ಥ ಕೂಡುತ್ತದೆ, ಕಿವಿಗೆ ಮಾತ್ರ ಭಾರ. ನಾನು ಸದ್ಯ ಬಳಸುತ್ತಿರುವುದು ‘ಬಿಡಿಗೆಲಸ’. ಮನೆಗೆಲಸ, ಕೈಗೆಲಸ, ಮರಗೆಲಸಗಳ ಸಾಲಿನಲ್ಲಿ ಅದು ಸಹಜವಾಗಿ ನಿಲ್ಲುತ್ತದೆ, ಸಂಧಿಯೂ ಅದೇ. ಒಂದೇ ಅಳುಕು: ‘ಬಿಡಿ’ ಎಂದಾಗ ಬಿಡಿ ಕೂಲಿ, ದಿನಗೂಲಿಯ ನೆನಪಾಗಿ, ಆ್ಯಪ್ ಮೂಲಕ ಸಿಗುವ ಗಿಗ್ ದುಡಿಮೆಗೆ ಅದನ್ನು ಅಂಟಿಸಿಯಾರು. ಗಿಗ್ ದುಡಿಮೆಗೆ ಬೇರೊಂದು ಪದ ನೆಲೆನಿಂತರೆ ಈ ಅಳುಕು ಇರದು.

ಇದರ ಜೊತೆಗೆ ಇನ್ನೊಂದು ಜೋಡಿ ಇದೆ: ‘ಆಟೊಮೇಶನ್’ (ಮನುಷ್ಯ ಮಾಡುತ್ತಿದ್ದುದನ್ನು ಯಂತ್ರವೇ ಮಾಡುವುದು) ಮತ್ತು ‘ಆಗ್ಮೆಂಟೇಶನ್’ (ಮಾಡುವವನಿಗೆ ಯಂತ್ರ ನೆರವಾಗುವುದು). 2023ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಪ್ರಕಟಿಸಿದ ಅಧ್ಯಯನ, ಬರೆಯುವ ಮತ್ತು ಮಾತಾಡುವ ಈ ಹೊಸ ಯಂತ್ರಗಳು ಬಹುಪಾಲು ಹುದ್ದೆಗಳನ್ನು ಕಿತ್ತುಕೊಳ್ಳುವುದಕ್ಕಿಂತ ಅವುಗಳ ಕೈಬಲ ಹೆಚ್ಚಿಸುವ ಸಂಭವವೇ ಹೆಚ್ಚು ಎಂದಿತು. ಗುಮಾಸ್ತಿಕೆಗೆ ಮಾತ್ರ ಆ ಸಮಾಧಾನ ಅಷ್ಟಾಗಿ ಇರಲಿಲ್ಲ. ಅಲ್ಲಿನ ಬಿಡಿಗೆಲಸಗಳಲ್ಲಿ ಶೇ 24ರಷ್ಟು ಅತಿ ಹೆಚ್ಚು ಪ್ರಭಾವಕ್ಕೆ ಒಳಗಾಗುವಂಥವು ಎಂದು ಕಂಡುಬಂತು. ಆಟೊಮೇಶನ್‌ಗೆ ‘ಸ್ವಯಂಚಾಲನೆ’ ಈಗಾಗಲೇ ಚಲಾವಣೆಯಲ್ಲಿದೆ. ಎರಡನೆಯದಕ್ಕೆ ‘ವರ್ಧನೆ’ ಎಂಬುದನ್ನು ಕಂಡಿದ್ದೇನೆ. ಏನು ವರ್ಧಿಸಿತು, ಯಾರದು ವರ್ಧಿಸಿತು ಎಂಬುದು ಅದರಲ್ಲಿ ಮೂಡುವುದಿಲ್ಲ. ‘ಒತ್ತಾಸೆ’ ನನಗೆ ತುಂಬ ಇಷ್ಟ. ದುಡಿಯುವವನು ಅಲ್ಲೇ ಇದ್ದಾನೆ, ಯಂತ್ರ ಪಕ್ಕದಲ್ಲಿ ನಿಂತಿದೆ ಎಂಬ ಚಿತ್ರ ಆ ಒಂದೇ ಮಾತಿನಲ್ಲಿದೆ.

ಹಳೆಯ ಬಳಕೆಯೊಂದೂ ಇಲ್ಲಿ ನೆರವಿಗೆ ಬರುತ್ತದೆ. ‘ಗಣಕ’ ಎಂದರೆ ಮೊದಲು ಲೆಕ್ಕ ಮಾಡುವ ಮನುಷ್ಯ. ಜ್ಯೋತಿಷಿಗೂ ಆ ಹೆಸರಿತ್ತು. ಇಂಗ್ಲಿಷಿನ ‘ಕಂಪ್ಯೂಟರ್’ ಕೂಡ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಲೆಕ್ಕ ಮಾಡುವವರ ಒಂದು ಹುದ್ದೆಯ ಹೆಸರಾಗಿತ್ತು. ಎರಡೂ ಭಾಷೆಗಳಲ್ಲಿ ಮನುಷ್ಯನ ಹೆಸರನ್ನು ಯಂತ್ರ ಪಡೆದುಕೊಂಡಿತು, ಆದರೂ ಲೆಕ್ಕಪತ್ರ ನೋಡುವವರು ಬೇರೆ ಹೆಸರಿನಲ್ಲಿ ಉಳಿದರು. ವೃತ್ತಿ, ಹುದ್ದೆ, ಬಿಡಿಗೆಲಸಗಳನ್ನು ಬೇರ್ಪಡಿಸಿ ಹೇಳಲು ಬರಹದಲ್ಲಿ ಇದನ್ನೇ ಮೊದಲ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

‘ಬಿಡಿಗೆಲಸ’ವನ್ನು ಈ ಅರ್ಥದಲ್ಲಿ ಯಾರಾದರೂ ಮುಂಚೆಯೇ ಬಳಸಿದ್ದುಂಟೆ? ಕಾರ್ಖಾನೆಯಲ್ಲೋ ಹೊಲದಲ್ಲೋ ನೇಯ್ಗೆಯಲ್ಲೋ, ದೊಡ್ಡ ಕೆಲಸದ ಒಂದೊಂದು ಹಂತವನ್ನು ಹೆಸರಿಸುವ ಆಡುಮಾತು ಬಲ್ಲವರು ತಿಳಿಸಿ. ಅದು ನನ್ನ ಪದಕ್ಕಿಂತ ಚೆನ್ನಾಗಿದ್ದರೆ ಬರಹದಲ್ಲಿ ಅದನ್ನೇ ಬಳಸುತ್ತೇನೆ.